ಬಣ್ಣವೇ ಇಲ್ಲದ ವರ್ಣತಂತು ಓಡಾಡೋದನ್ನ ನೋಡೋದು ಹೇಗೆ?

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮಗೆ 'ಬಯಾಲಜಿ ಫಾರ್ ಇಂಜಿನಿಯರ್ಸ್' ಅಂತ ಒಂದು ಸಬ್ಜೆಕ್ಟ್ ಇದೆ. ಪಿಯುಸಿಯಲ್ಲಿ ಬಯಾಲಜಿ ಬೇಡಪ್ಪ ಅಂತಲೇ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ತಗೊಂಡು ಬಂದವರು ನಾವು. ಆ ಕ್ಲಾಸಿನಲ್ಲಿ ಕೊನೆ ಬೆಂಚು ಯಾವತ್ತೂ ಭರ್ತಿ. ಆದರೆ ಒಂದು ದಿನ ಪ್ರೊಜೆಕ್ಟರ್‌ನಲ್ಲಿ ಅರ್ಧ ನಿಮಿಷದ ಒಂದು ವಿಡಿಯೋ ಹಾಕಿದರು. ಕಪ್ಪು ಪರದೆ, ನಡುವೆ ಹಸಿರಾಗಿ ಹೊಳೆಯುವ ಒಂದು ಉಂಡೆ. ಅದು ಮೆಲ್ಲಗೆ ದಾರ ದಾರವಾಯ್ತು. ದಾರಗಳು ಎಳೆದಾಡಿಕೊಂಡು ನಡುವೆ ಒಂದು ಸಾಲಿನಲ್ಲಿ ನಿಂತವು. ಸ್ವಲ್ಪ ಹೊತ್ತು ಅಲ್ಲೇ ನಡುಗುತ್ತಾ ಕಾದವು. ಆಮೇಲೆ ಇದ್ದಕ್ಕಿದ್ದ ಹಾಗೆ ಆ ಸಾಲು ಎರಡಾಗಿ ಸೀಳಿ ಆ ಕಡೆ ಒಂದು, ಈ ಕಡೆ ಒಂದು ಹೋಯ್ತು. ಫೋನ್ ನೋಡ್ತಿದ್ದವರೂ ತಲೆ ಎತ್ತಿದರು. "ಇದು ಆನಿಮೇಷನ್ನಾ?" ಅಂತ ಹಿಂದಿನಿಂದ ಯಾರೋ ಕೇಳಿದರು.

ಅಲ್ಲ. ಅದು ನಿಜವಾದ, ಜೀವಂತ ಕೋಶ. ಹಾಗಾದರೆ ಆ ಹಸಿರು ಎಲ್ಲಿಂದ ಬಂತು? ಕೋಶ ಸಾಯದ ಹಾಗೆ ಅದರ ಒಳಗಿನ ಒಂದೇ ಒಂದು ವಸ್ತುವಿಗೆ ಬಣ್ಣ ಹಚ್ಚಿದ್ದು ಹೇಗೆ? ಕ್ಲಾಸಿನಲ್ಲಿ ಅಷ್ಟು ಸಮಯ ಇರಲಿಲ್ಲ. ಆಮೇಲೆ ನಾವೇ ಕೂತು ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಾ ಇದ್ದೀವಿ.

ಮೊದಲು ಹೆಸರಿನ ವಿಷಯ. ಕ್ರೋಮೋಸೋಮ್‌ಗೆ ಕನ್ನಡದಲ್ಲಿ ವರ್ಣತಂತು ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ಪದ ಗೊತ್ತಾಗಿದ್ದೇ ಈ ಲೇಖನ ಬರೆಯೋಕೆ ಕೂತಾಗ. ವರ್ಣ ಅಂದ್ರೆ ಬಣ್ಣ, ತಂತು ಅಂದ್ರೆ ಎಳೆ. ಗ್ರೀಕ್ ಮೂಲದ ಅರ್ಥವೂ 'ಬಣ್ಣದ ಕಾಯ' ಅಂತಲೇ. ತಮಾಷೆ ಏನಂದ್ರೆ ಅದಕ್ಕೆ ಬಣ್ಣವೇ ಇಲ್ಲ! ಕೋಶದ ಒಳಗೆ ಎಲ್ಲವೂ ಹೆಚ್ಚುಕಮ್ಮಿ ನೀರಿನ ಹಾಗೆ ಪಾರದರ್ಶಕ. 19ನೇ ಶತಮಾನದಲ್ಲಿ ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳು ಬಂದಾಗ, ಅವನ್ನು ಕೋಶದ ಮೇಲೆ ಹಾಕಿದರೆ ಈ ಎಳೆಗಳು ಮಾತ್ರ ಗಾಢವಾಗಿ ಬಣ್ಣ ಹೀರಿಕೊಳ್ಳುತ್ತವೆ ಅಂತ ಗೊತ್ತಾಯ್ತು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಗಳನ್ನು ನೋಡಿ, 1882ರ ಪುಸ್ತಕದಲ್ಲಿ ಇಡೀ ವಿಭಜನೆಯ ಚಿತ್ರಗಳನ್ನು ಬರೆದರು. ಮೈಟೋಸಿಸ್ ಅನ್ನೋ ಹೆಸರೂ ಅವರದ್ದೇ. ಕ್ರೋಮೋಸೋಮ್ ಅಂತ 1888ರಲ್ಲಿ ಹೆಸರಿಟ್ಟಿದ್ದು ವಾಲ್ಡೆಯರ್. ನಮ್ಮ ಟೆಕ್ಸ್ಟ್‌ಬುಕ್ಕಿನ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಚಿತ್ರಗಳ ಅಜ್ಜ ಫ್ಲೆಮಿಂಗ್ ಬರೆದ ಆ ಚಿತ್ರಗಳೇ ಅನ್ನಬಹುದು.

ಆದರೆ ಈ ತರಹ ಬಣ್ಣ ಹಾಕಬೇಕಾದರೆ ಸಾಮಾನ್ಯವಾಗಿ ಕೋಶವನ್ನು ಮೊದಲು ಸಾಯಿಸಬೇಕು. ನಮ್ಮ ಗ್ಯಾಂಗಿನಲ್ಲಿ ಪಿಸಿಎಂಬಿ ಓದಿ ಬಂದವರು ಇಬ್ಬರೇ. ಅವರು ಪಿಯುಸಿ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಯನ್ನು ಆಸಿಡ್‌ನಲ್ಲಿ ಬೆಚ್ಚಗೆ ಮಾಡಿ, ಅಸಿಟೊಕಾರ್ಮಿನ್ ಹಾಕಿ, ಕವರ್ ಸ್ಲಿಪ್ ಮೇಲೆ ಹೆಬ್ಬೆರಳಲ್ಲಿ ಒತ್ತಿ ನೋಡಿದ್ದಾರೆ. ಸ್ಲೈಡಿನಲ್ಲಿ ಒಂದು ಕೋಶ ಮೆಟಾಫೇಸ್‌ನಲ್ಲಿ, ಪಕ್ಕದ್ದು ಅನಾಫೇಸ್‌ನಲ್ಲಿ. ಎಲ್ಲವೂ ಆ ಕ್ಷಣಕ್ಕೆ ನಿಂತುಹೋದವು. ಒಂದು ಕೋಶ ಒಂದೇ ಒಂದು ಫೋಟೋ ಕೊಡುತ್ತೆ. ಮುಂದಿನ ಫೋಟೋ ಬೇಕಾದ್ರೆ ಬೇರೆ ಕೋಶವನ್ನು ನೋಡಬೇಕು.

ಇದರಲ್ಲಿ ಏನು ತೊಂದರೆ ಅಂತೀರಾ? ನೂರು ಬೇರೆ ಬೇರೆ ಮ್ಯಾಚ್‌ಗಳಿಂದ ಒಂದೊಂದು ಫೋಟೋ ತೆಗೆದು, ಕಲಸಿ, ನಿಮ್ಮ ಕೈಗೆ ಕೊಟ್ಟು, ರನ್ ಔಟ್ ಹೇಗೆ ಆಗುತ್ತೆ ಹೇಳಿ ಅಂದ ಹಾಗೆ. ಬ್ಯಾಟ್ಸ್‌ಮನ್ ಓಡ್ತಾನೆ, ಬೇಲ್ಸ್ ಹಾರುತ್ತೆ ಅಂತ ಗೊತ್ತಾಗಬಹುದು. ಯಾವುದು ಮೊದಲು, ಎಷ್ಟು ಹೊತ್ತಿನ ಅಂತರ ಅಂತ ಗೊತ್ತಾಗಲ್ಲ. ಕೋಶ ವಿಭಜನೆಯ ಗುಟ್ಟು ಇರೋದೇ ಆ 'ಎಷ್ಟು ಹೊತ್ತು' ಅನ್ನೋದರಲ್ಲಿ.

ಹಾಗಂತ ಬಣ್ಣ ಇಲ್ಲದೆ ಜೀವಂತ ಕೋಶವನ್ನು ಯಾರೂ ನೋಡಿರಲೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. 1953ರಲ್ಲಿ ಶಿನ್ಯಾ ಇನೂಯೆ ಪೋಲರೈಸ್ಡ್ ಬೆಳಕಿನಲ್ಲಿ, ವರ್ಣತಂತುಗಳನ್ನು ಎಳೆಯುವ ಸ್ಪಿಂಡಲ್ ಎಳೆಗಳು ಜೀವಂತ ಕೋಶದಲ್ಲೇ ಇವೆ ಅಂತ ತೋರಿಸಿದರು. ಅಲ್ಲಿಯವರೆಗೆ ಅವು ಕೋಶ ಸಾಯಿಸಿದ್ದರಿಂದ ಆದ ಕಸ ಇರಬಹುದು ಅಂತ ಅನುಮಾನ ಇತ್ತು. 1994ರಲ್ಲಿ ರೀಡರ್ ಮತ್ತು ಸಂಗಡಿಗರು, ಒಂದು ಬಗೆಯ ಪುಟ್ಟ ಕಾಂಗರೂ ಜಾತಿಯ ಪ್ರಾಣಿಯ ಚಪ್ಪಟೆ ಕೋಶಗಳಲ್ಲಿ, ಕೊನೆಯ ವರ್ಣತಂತು ಸ್ಪಿಂಡಲ್‌ಗೆ ಸರಿಯಾಗಿ ಅಂಟಿಕೊಂಡ ಮೇಲೆ ಸರಾಸರಿ 23 ನಿಮಿಷಕ್ಕೆ ಕೋಶ ಸೀಳುತ್ತೆ ಅಂತ ಅಳೆದರು. ಕೊನೆಯದೊಂದು ತಡ ಮಾಡಿದರೆ ಉಳಿದವೆಲ್ಲ ಕಾಯಬೇಕು. ಮರುವರ್ಷ ಇನ್ನೂ ಮಜವಾದ ಕೆಲಸ ಮಾಡಿದರು. ಹಾಗೆ ಅಂಟದೆ ಉಳಿದ ಆ ಒಂದು ಜಾಗವನ್ನು ಲೇಸರ್‌ನಿಂದ ಸುಟ್ಟುಬಿಟ್ಟರು. ಕೋಶ ಕಾಯೋದನ್ನ ಬಿಟ್ಟು ಮುಂದೆ ಹೋಯ್ತು! ಅಂದ್ರೆ 'ನಿಲ್ಲಿ, ನಾನಿನ್ನೂ ರೆಡಿ ಇಲ್ಲ' ಅಂತ ಸಿಗ್ನಲ್ ಕಳಿಸ್ತಾ ಇದ್ದದ್ದು ಅದೇ ಜಾಗ. ಈ ಕಾಯುವಿಕೆ ಕೆಟ್ಟರೆ ಒಂದು ಮರಿಕೋಶಕ್ಕೆ ಒಂದು ವರ್ಣತಂತು ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಎಣಿಕೆ ಹೀಗೇ ತಪ್ಪಿರುತ್ತೆ.

ಇದೆಲ್ಲ ಸಾಧ್ಯವಾಗಿದ್ದು ಆ ಕೋಶ ಚಪ್ಪಟೆಯಾಗಿದ್ದು, ವರ್ಣತಂತುಗಳು ದೊಡ್ಡದಾಗಿ ಕೆಲವೇ ಇದ್ದಿದ್ದರಿಂದ. ಬೇರೆ ಕೋಶದಲ್ಲಿ 'ನನಗೆ ಈ ವಸ್ತು ಮಾತ್ರ ಕಾಣಲಿ' ಅಂದ್ರೆ ದಾರಿ ಇರಲಿಲ್ಲ. ಆ ದಾರಿ ಬಂದಿದ್ದು ಸಮುದ್ರದಿಂದ.

1961ರ ಬೇಸಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್. ಜಪಾನಿನಿಂದ ಬಂದ ಒಸಾಮು ಶಿಮೊಮುರಾ, ಬೆಳಕು ಸೂಸುವ ಒಂದು ಜೆಲ್ಲಿಫಿಶ್, ಅಂದ್ರೆ ಲೋಳೆಮೀನನ್ನು ರಾಶಿ ರಾಶಿ ಹಿಡಿದು, ಅದರ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ ಹಿಂಡುತ್ತಾ ಇದ್ದರು. ಆ ಒಂದೇ ಬೇಸಿಗೆಯಲ್ಲಿ ಸುಮಾರು 10,000 ಜೆಲ್ಲಿಫಿಶ್. ಒಂದು ದಿನ ಉಳಿದ ದ್ರಾವಣವನ್ನು ಸಿಂಕಿಗೆ ಸುರಿದಾಗ ಸಿಂಕ್ ನೀಲಿಯಾಗಿ ಫಳ್ ಅಂತ ಹೊಳೆಯಿತು. ಸಿಂಕಿನಲ್ಲಿ ಸಮುದ್ರದ ನೀರಿತ್ತು, ಅದರ ಕ್ಯಾಲ್ಸಿಯಂ ಬೆಳಕನ್ನು ಹೊತ್ತಿಸಿತ್ತು. ಹಾಗೆ ಸಿಕ್ಕಿದ ನೀಲಿ ಪ್ರೋಟೀನ್ ಏಕ್ವೊರಿನ್. ಅದರ ಜೊತೆಗೆ ಒಂದು ಹಸಿರು ಪ್ರೋಟೀನ್ ಕೂಡ ಸಿಕ್ಕಿತು, 1962ರ ಪೇಪರಿನಲ್ಲಿ ಅದು ಪಕ್ಕವಾದ್ಯದ ಹಾಗೆ ಬಂದುಹೋಗುತ್ತೆ. ಅದೇ ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್, ಚಿಕ್ಕದಾಗಿ ಜಿಎಫ್‌ಪಿ. ಕನ್ನಡದಲ್ಲಿ ಹಸಿರು ಪ್ರತಿದೀಪ್ತ ಪ್ರೋಟೀನ್ ಅನ್ನಬಹುದು.

ಪ್ರತಿದೀಪ್ತಿ ಅಂದ್ರೆ ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್ ತರಹ ಅಲ್ಲ. ಅಂಗಡಿಯಲ್ಲಿ ನೋಟನ್ನು ಅಲ್ಟ್ರಾವೈಲೆಟ್ ದೀಪದ ಕೆಳಗೆ ಹಿಡಿದಾಗ ನಂಬರ್ ಹೊಳೆಯುತ್ತಲ್ಲ, ಆ ತರಹ. ದೀಪ ಆರಿಸಿದ ತಕ್ಷಣ ಹೊಳಪೂ ಹೋಗುತ್ತೆ. ಹೆಚ್ಚು ಶಕ್ತಿಯ ನೀಲಿ ಫೋಟಾನ್ ಒಳಗೆ, ಸ್ವಲ್ಪ ಕಮ್ಮಿ ಶಕ್ತಿಯ ಹಸಿರು ಫೋಟಾನ್ ಹೊರಗೆ. ಈಗ ಬಳಸುವ ಸುಧಾರಿತ ಜಿಎಫ್‌ಪಿಗೆ 488 ನ್ಯಾನೋಮೀಟರ್ ಲೇಸರ್ ಹೊಡೆದರೆ ಸುಮಾರು 509ರಲ್ಲಿ ಹಸಿರು ಬರುತ್ತೆ. ಮಧ್ಯೆ ಒಂದು ಫಿಲ್ಟರ್ ಇಟ್ಟು ನೀಲಿಯನ್ನು ತಡೆದರೆ ಕ್ಯಾಮೆರಾಗೆ ಹಸಿರು ಮಾತ್ರ. ಅದಕ್ಕೇ ವಿಡಿಯೋದ ಹಿನ್ನೆಲೆ ಅಷ್ಟು ಕಪ್ಪು.

ಜಿಎಫ್‌ಪಿಯ ಜೀನನ್ನು ಜೆಲ್ಲಿಫಿಶ್‌ನಿಂದ ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದವರು ಡಗ್ಲಸ್ ಪ್ರಾಷರ್. 238 ಅಮೈನೋ ಆಮ್ಲಗಳ ಸರಪಳಿ. ಅಷ್ಟರಲ್ಲಿ ಅವರಿಗೆ ಸಂಶೋಧನೆಯ ಹಣ ಮುಗಿದಿತ್ತು. ಕೇಳಿದವರಿಗೆ ಜೀನನ್ನು ಪೋಸ್ಟಿನಲ್ಲಿ ಕಳಿಸಿಕೊಟ್ಟರು. ಮಾರ್ಟಿನ್ ಚಾಲ್ಫಿಗೆ ಒಂದು, ರೋಜರ್ ಚೆನ್‌ಗೆ ಒಂದು. 1994ರಲ್ಲಿ ಚಾಲ್ಫಿ ಅದನ್ನು ಬ್ಯಾಕ್ಟೀರಿಯಾದಲ್ಲೂ ಒಂದು ಪುಟ್ಟ ಹುಳದ ನರಕೋಶದಲ್ಲೂ ಹೊಳೆಯಿಸಿದರು. ಜೆಲ್ಲಿಫಿಶ್‌ನ ಬೇರೆ ಯಾವ ಕಿಣ್ವವೂ ಬೇಕಾಗಲಿಲ್ಲ ಅನ್ನೋದೇ ಎಲ್ಲರಿಗೂ ಆಶ್ಚರ್ಯ. ಈ ಪ್ರೋಟೀನ್ ಒಂದು ಪೀಪಾಯಿ ಆಕಾರಕ್ಕೆ ಮಡಚಿಕೊಂಡು, ತನ್ನದೇ ಮೂರು ಅಮೈನೋ ಆಮ್ಲಗಳಿಂದ ಒಳಗೆ ದೀಪ ಮಾಡಿಕೊಳ್ಳುತ್ತೆ. ಸ್ವಲ್ಪ ಆಮ್ಲಜನಕ ಸಿಕ್ಕರೆ ಸಾಕು. ಚೆನ್ ಅದನ್ನು ಇನ್ನೂ ಪ್ರಕಾಶಮಾನ ಮಾಡಿ ಬೇರೆ ಬೇರೆ ಬಣ್ಣಗಳನ್ನೂ ಮಾಡಿದರು. 2008ರ ರಸಾಯನಶಾಸ್ತ್ರ ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ಬಂತು. ಆ ದಿನ ಪ್ರಾಷರ್ ಅಲಬಾಮಾದಲ್ಲಿ ಒಂದು ಕಾರು ಮಾರುವ ಕಡೆ ಗಿರಾಕಿಗಳನ್ನು ವ್ಯಾನಿನಲ್ಲಿ ಬಿಟ್ಟುಬರುವ ಡ್ರೈವರ್ ಆಗಿದ್ದರು. ಚಾಲ್ಫಿ ಮತ್ತು ಚೆನ್ ಅವರನ್ನು ತಮ್ಮ ಖರ್ಚಿನಲ್ಲಿ ಸ್ಟಾಕ್‌ಹೋಮ್‌ಗೆ ಕರೆದುಕೊಂಡು ಹೋದರು. ಕೆಲವು ವರ್ಷದ ಮೇಲೆ ಚೆನ್ ಅವರ ಲ್ಯಾಬಿನಲ್ಲೇ ಕೆಲಸಕ್ಕೂ ಸೇರಿದರು. ನೊಬೆಲ್ ಮೂರು ಜನಕ್ಕಿಂತ ಹೆಚ್ಚು ಮಂದಿಗೆ ಕೊಡಲ್ಲ, ಅದು ನಿಯಮ. ಆದರೂ ಇದನ್ನ ಓದಿದ ರಾತ್ರಿ ನಾವು ಮೆಸ್ಸಿನಲ್ಲಿ ಬೇರೆ ಏನೂ ಮಾತಾಡಲಿಲ್ಲ.

ಈಗ ವರ್ಣತಂತುವಿಗೆ ವಾಪಸ್ ಬರೋಣ. ಮನುಷ್ಯನ ಒಂದು ಕೋಶದ ಡಿಎನ್‌ಎ ಬಿಚ್ಚಿ ಚಾಚಿದರೆ ಸುಮಾರು 2 ಮೀಟರ್. ಅದು ಹಿಸ್ಟೋನ್ ಅನ್ನೋ ಪ್ರೋಟೀನ್‌ಗಳ ಸುತ್ತ, ಉಂಡೆಗೆ ದಾರ ಸುತ್ತಿದ ಹಾಗೆ, ಸುತ್ತಿಕೊಂಡಿರುತ್ತೆ. ವರ್ಣತಂತು ಎಲ್ಲಿದೆಯೋ ಹಿಸ್ಟೋನ್ ಅಲ್ಲಿದೆ. ಹಾಗಾಗಿ ಹಿಸ್ಟೋನ್ ಹೊಳೆದರೆ ವರ್ಣತಂತು ಹೊಳೆದ ಹಾಗೇ ಅಲ್ವಾ? 1998ರಲ್ಲಿ ಕಾಂಡಾ, ಸಲಿವನ್, ವಾಲ್ ಮಾಡಿದ್ದು ಇದನ್ನೇ. ಎಚ್2ಬಿ ಅನ್ನೋ ಹಿಸ್ಟೋನ್‌ನ ಜೀನಿಗೆ ಜಿಎಫ್‌ಪಿ ಜೀನನ್ನು ಜೋಡಿಸಿದರು. ಸಿ ಪ್ರೋಗ್ರಾಮಿಂಗ್ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಮೊದಲ ಸ್ಟ್ರಿಂಗ್‌ನ ಕೊನೆಯ ನಲ್ ಕ್ಯಾರೆಕ್ಟರ್ ತೆಗೆದು ಎರಡನೆಯದನ್ನು ಅಂಟಿಸ್ತೀವಲ್ಲ, ಹಾಗೇ ಹಿಸ್ಟೋನ್ ಜೀನಿನ ಸ್ಟಾಪ್ ಕೋಡಾನ್ ತೆಗೆದು ಮುಂದಕ್ಕೆ ಜಿಎಫ್‌ಪಿ. ಕೋಶ ನಿಲ್ಲದೆ ಓದುತ್ತಾ ಹೋಗಿ ಬಾಲಕ್ಕೆ ದೀಪ ಕಟ್ಟಿದ ಹಿಸ್ಟೋನ್ ತಯಾರಿಸುತ್ತೆ. ಬಣ್ಣ ಹಚ್ಚುವ ಕೆಲಸ ನಮ್ಮದಲ್ಲ, ಕೋಶದ್ದೇ.

ಒಂದು ಅನುಮಾನ ನಮಗೂ ಬಂತು. ಎಚ್2ಬಿ ಸುಮಾರು 125 ಅಮೈನೋ ಆಮ್ಲ, ಜಿಎಫ್‌ಪಿ 238. ಹೊತ್ತವನಿಗಿಂತ ಹೊರೆಯೇ ದೊಡ್ಡದು! ಕೋಶ ಕಂಗೆಡಲ್ವಾ? ಅದೃಷ್ಟಕ್ಕೆ ಇಲ್ಲ. ಆ ಹೀಲಾ ಕೋಶಗಳು ಜಿಎಫ್‌ಪಿ ಹೊತ್ತುಕೊಂಡೇ ವಿಭಜನೆ ಆಗುತ್ತಾ ಹೋದವು. ಹೀಲಾ ಅಂದ್ರೆ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಮಹಿಳೆಯ ಗೆಡ್ಡೆಯಿಂದ, ಅವರನ್ನು ಕೇಳದೇ ತೆಗೆದ ಕೋಶಗಳು. ಅವುಗಳಲ್ಲಿ ವರ್ಣತಂತು 46 ಅಲ್ಲ, ಬಹಳ ಜಾಸ್ತಿ. ಕ್ಯಾನ್ಸರ್ ಕೋಶ ಅಲ್ವಾ.

ಈಗ ಆ ವಿಡಿಯೋ ಮತ್ತೆ ನೋಡಿ. ಸುಮಾರು ಒಂದು ಗಂಟೆಯ ಕಥೆ ಅದು, ನಾವು ನೋಡಿದ್ದು ಓಡಿಸಿದ್ದು. ಅನಾಫೇಸ್‌ನಲ್ಲಿ ವರ್ಣತಂತುಗಳು ಫಟ್ ಅಂತ ಸೀಳಿದ ಹಾಗೆ ಕಂಡರೂ ನಿಜವಾದ ವೇಗ ನಿಮಿಷಕ್ಕೆ ಸುಮಾರು 1 ಮೈಕ್ರೋಮೀಟರ್. ಅದೇ ವೇಗದಲ್ಲಿ 1 ಸೆಂಟಿಮೀಟರ್ ಹೋಗಬೇಕಾದ್ರೆ 10,000 ನಿಮಿಷ, ಅಂದ್ರೆ ಹತ್ತಿರ ಹತ್ತಿರ ಏಳು ದಿನ. ಬಿಎಂಟಿಸಿ ಬಗ್ಗೆ ಇನ್ಮೇಲೆ ನಾವು ಏನೂ ಅನ್ನಲ್ಲ.

ಆದರೆ ಹಿಸ್ಟೋನ್ ಹೊಳೆದರೆ ಎಲ್ಲಾ ವರ್ಣತಂತುಗಳೂ ಒಟ್ಟಿಗೆ ಹೊಳೆಯುತ್ತವೆ. ಜಾತ್ರೆಯಲ್ಲಿ ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿದ ಹಾಗೆ. ಒಬ್ಬನನ್ನೇ ಹಿಂಬಾಲಿಸಬೇಕಾದ್ರೆ? 1996ರಲ್ಲಿ ಆಂಡ್ರ್ಯೂ ಬೆಲ್ಮಾಂಟ್ ಲ್ಯಾಬಿನವರು ಇದಕ್ಕೊಂದು ಉಪಾಯ ಮಾಡಿದರು. ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ ರಿಪ್ರೆಸರ್ ಅಂತ ಒಂದು ಪ್ರೋಟೀನ್ ಇದೆ. ಅದು ಡಿಎನ್‌ಎಯಲ್ಲಿ ಲ್ಯಾಕ್ ಆಪರೇಟರ್ ಅನ್ನೋ ಒಂದು ನಿರ್ದಿಷ್ಟ ಸಾಲನ್ನು ಹುಡುಕಿ ಅಂಟಿಕೊಳ್ಳುತ್ತೆ. ಆ ಸಾಲನ್ನು 256 ಸಲ ಒಂದರ ಹಿಂದೆ ಒಂದು ಜೋಡಿಸಿ ವರ್ಣತಂತುವಿನೊಳಗೆ ಸೇರಿಸಿದರು. ರಿಪ್ರೆಸರ್‌ಗೆ ಜಿಎಫ್‌ಪಿ ಕಟ್ಟಿದರು. ಎಲ್ಲವೂ ಅಲ್ಲೇ ಬಂದು ಮುತ್ತಿಕೊಂಡು ಒಂದು ಹಸಿರು ಚುಕ್ಕಿ. (256 ಅಂದ ತಕ್ಷಣ ನಮ್ಮ ಸಿಎಸ್ ಹುಡುಗರ ಮುಖ ಅರಳಿತು. ಎರಡರಷ್ಟು, ಮತ್ತೆ ಎರಡರಷ್ಟು ಅಂತ ಜೋಡಿಸುತ್ತಾ ಹೋದರೆ ಇಂಥ ಸಂಖ್ಯೆಯೇ ಬರೋದು.)

ಇದರ ಲಾಭ ಕಂಡಿದ್ದು ಯೀಸ್ಟ್‌ನಲ್ಲಿ. ಬ್ರೆಡ್ ಉಬ್ಬಿಸುವ ಯೀಸ್ಟೇ. ಅದರ ವರ್ಣತಂತುಗಳು ಎಷ್ಟು ಚಿಕ್ಕವು ಅಂದ್ರೆ ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಕಾಣೋದೇ ಇಲ್ಲ. ಚುಕ್ಕಿ ಇಟ್ಟರೆ ಕಾಣುತ್ತೆ. 2000ದಲ್ಲಿ ಈ ತರಹ ಚುಕ್ಕಿ ಇಟ್ಟು ನೋಡಿದಾಗ ವಿಚಿತ್ರ ಗೊತ್ತಾಯ್ತು. ವಿಭಜನೆಗೆ ಮುಂಚೆ ಜೋಡಿ ವರ್ಣತಂತುಗಳ ನಡುಭಾಗ, ಅಂದ್ರೆ ಸೆಂಟ್ರೊಮಿಯರ್, ಎರಡು ಚುಕ್ಕಿಯಾಗಿ ದೂರ ಸರಿಯುತ್ತೆ. ಆಮೇಲೆ ಮತ್ತೆ ಹತ್ತಿರ ಬಂದು ಒಂದಾಗುತ್ತೆ. ಮತ್ತೆ ದೂರ. ತೋಳುಗಳು ಮಾತ್ರ ಅಂಟಿಕೊಂಡೇ ಇರುತ್ತವೆ. ಎರಡೂ ಕಡೆಯಿಂದ ಹಗ್ಗ ಎಳೆದಾಗ ನಡುವಿನ ಸ್ಪ್ರಿಂಗ್ ಹಿಗ್ಗಿ ಕುಗ್ಗಿದ ಹಾಗೆ. ಇದನ್ನೇ ಸತ್ತ ಕೋಶದ ಒಂದು ಫೋಟೋದಲ್ಲಿ ನೋಡಿದ್ದರೆ? ಎರಡು ಚುಕ್ಕಿ ಕಂಡು 'ಓ, ಇದು ಆಗಲೇ ಬೇರೆ ಆಗಿಹೋಗಿದೆ' ಅಂತ ಬರೆದುಬಿಡ್ತಿದ್ದರು. ವಾಪಸ್ ಬರೋದು ಫೋಟೋದಲ್ಲಿ ಇರಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದ್ರೆ ಕ್ಯಾಮೆರಾ ಇಟ್ಟು ದಿನಪೂರ್ತಿ ರೆಕಾರ್ಡ್ ಮಾಡಿದರಾಯ್ತು ಅನ್ನಿಸುತ್ತೆ. ಇಲ್ಲೇ ಇಂಜಿನಿಯರಿಂಗ್ ಶುರುವಾಗೋದು. ಬೆಳಕು ಪುಕ್ಕಟೆ ಅಲ್ಲ. ಪ್ರತಿ ಸಲ ಲೇಸರ್ ಹೊಡೆದಾಗ ಕೆಲವು ಜಿಎಫ್‌ಪಿ ಶಾಶ್ವತವಾಗಿ ಆರಿಹೋಗುತ್ತವೆ, ಇದಕ್ಕೆ ಫೋಟೋಬ್ಲೀಚಿಂಗ್ ಅಂತಾರೆ. ಜೊತೆಗೆ ನೀಲಿ ಬೆಳಕು ಕೋಶಕ್ಕೇ ಏಟು ಕೊಡುತ್ತೆ. ಸಣ್ಣ ಲೆಕ್ಕ ಮಾಡಿ. ಮೂರು ನಿಮಿಷಕ್ಕೊಂದು ಚಿತ್ರ, ಎರಡು ದಿನ: 960 ಸಲ. ಕೋಶ ದಪ್ಪ ಇದೆ ಅಂತ ಪ್ರತಿ ಸಲ 10 ಪದರ ತೆಗೆದರೆ 9,600 ಹೊಡೆತ. ಹೊಡೆತ ಕಮ್ಮಿ ಮಾಡೋಣ ಅಂದ್ರೆ ಫೋಟಾನ್ ಕಮ್ಮಿ. ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಬಂದರೆ ನಾಯ್ಸ್ ಅದರ ವರ್ಗಮೂಲ, 100. ಸಿಗ್ನಲ್ ನೂರು ಪಟ್ಟು ಮೇಲಿದೆ. 100 ಫೋಟಾನ್ ಮಾತ್ರ ಬಂದರೆ ನಾಯ್ಸ್ 10, ಸಿಗ್ನಲ್ ಹತ್ತೇ ಪಟ್ಟು. ಚಿತ್ರ ಚೆನ್ನಾಗಿರಬೇಕಾ, ಬೇಗ ಬೇಗ ತೆಗೀಬೇಕಾ, ಬಹಳ ಹೊತ್ತು ತೆಗೀಬೇಕಾ, ಕೋಶ ಬದುಕಿರಬೇಕಾ? ನಾಲ್ಕೂ ಒಟ್ಟಿಗೆ ಸಿಗಲ್ಲ. ಬೆಳಕಿನ ಏಟಿಗೆ ಕೋಶ ತಡವಾಗಿ ವಿಭಜನೆ ಆದರೆ, ನಾವು ಅಳೆದಿದ್ದು ಕೋಶದ ಸ್ವಭಾವವನ್ನಾ, ನಮ್ಮ ಲೇಸರ್‌ನ ಉಪಟಳವನ್ನಾ? ಅದಕ್ಕೇ ಲೇಸರ್ ತಾಗದ ಪಕ್ಕದ ಕೋಶಗಳೂ ಅಷ್ಟೇ ಹೊತ್ತು ತಗೊಂಡವಾ ಅಂತ ಹೋಲಿಸಿ ನೋಡಬೇಕು.

ರೆಸಲ್ಯೂಷನ್‌ಗೂ ಒಂದು ಗೋಡೆ ಇದೆ. ತರಂಗದೂರವನ್ನು ಲೆನ್ಸಿನ ನ್ಯೂಮರಿಕಲ್ ಅಪರ್ಚರ್‌ನ ಎರಡರಷ್ಟರಿಂದ ಭಾಗಿಸಿ. 509 ಭಾಗಿಸು 2.8, ಸುಮಾರು 180 ನ್ಯಾನೋಮೀಟರ್. ಅದಕ್ಕಿಂತ ಹತ್ತಿರದ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತೆ. ಆದರೆ ಒಂಟಿ ಚುಕ್ಕಿ ಇದ್ದರೆ ಅದರ ಮಸುಕಿನ ನಡುಬಿಂದುವನ್ನು ಲೆಕ್ಕ ಹಾಕಿ ಇನ್ನೂ ಎಷ್ಟೋ ನಿಖರವಾಗಿ ಜಾಗ ಹೇಳಬಹುದು. ಬೆಲ್ಮಾಂಟ್ ಚುಕ್ಕಿಯ ಇನ್ನೊಂದು ಲಾಭ ಇದು.

ಆರಿಹೋಗುವ ಗುಣವನ್ನೇ ಉಪಕರಣ ಮಾಡಿಕೊಂಡವರೂ ಇದ್ದಾರೆ. ಜಿಎಫ್‌ಪಿಗಿಂತ ಮುಂಚೆಯೇ, 1987ರಲ್ಲಿ, ಗೋರ್ಬ್‌ಸ್ಕಿ ಮತ್ತು ಸಂಗಡಿಗರು ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನನ್ನು ಕೋಶಕ್ಕೆ ಚುಚ್ಚಿ, ವರ್ಣತಂತು ಎಳೆಯುವ 'ಹಗ್ಗ'ದ ಮೇಲೆ, ಅಂದ್ರೆ ಮೈಕ್ರೋಟ್ಯೂಬ್ಯೂಲ್ ಮೇಲೆ, ಲೇಸರ್‌ನಿಂದ ಒಂದು ಕಪ್ಪು ಗೆರೆ ಹಾಕಿದರು. ಬಾವಿಯಿಂದ ಬಿಂದಿಗೆ ಸೇದಿದ ಹಾಗೆ ಹಗ್ಗವನ್ನು ಎಳೆದುಕೊಳ್ಳುವುದಾದರೆ ಗೆರೆಯೂ ಸರಿಯಬೇಕು. ಗೆರೆ ಅಲ್ಲೇ ಇತ್ತು, ವರ್ಣತಂತುವೇ ಗೆರೆಯ ಹತ್ತಿರ ಬಂತು! ಹಗ್ಗ ವರ್ಣತಂತುವಿನ ಕಡೆಯ ತುದಿಯಲ್ಲೇ ಕರಗುತ್ತಾ ಹೋಗುತ್ತೆ, ವರ್ಣತಂತು ಅದನ್ನು ಹಿಡಿದುಕೊಂಡೇ ಸಾಗುತ್ತೆ. ಬಿಂದಿಗೆಯೇ ಹಗ್ಗ ತಿನ್ನುತ್ತಾ ಮೇಲೆ ಹತ್ತಿದ ಹಾಗೆ. ಎಲ್ಲಾ ಕೋಶದಲ್ಲೂ ಇಷ್ಟೇ ಅಲ್ಲ, ಕೆಲವದರಲ್ಲಿ ಹಗ್ಗವೂ ಹರಿಯುತ್ತೆ.

ಇದೇ ಉಪಾಯವನ್ನು ಎಚ್2ಬಿ ಮೇಲೆ ಮಾಡಿದಾಗ ಜಗಳವೂ ಆಗಿದೆ. ನ್ಯೂಕ್ಲಿಯಸ್‌ನ ಅರ್ಧ ಭಾಗವನ್ನು ಲೇಸರ್‌ನಿಂದ ಆರಿಸಿ, ವಿಭಜನೆ ಆದ ಮೇಲೆ ಹೊಳೆಯುವ ವರ್ಣತಂತುಗಳು ಮೊದಲಿನ ಜಾಗದಲ್ಲೇ ಇವೆಯಾ ಅಂತ ನೋಡಿದರು. 2003ರಲ್ಲಿ ಜರ್ಮನಿಯ ಎರಡು ತಂಡಗಳ ಪೇಪರ್ ಬಂತು. ಇಲಿಯ ಕೋಶ ನೋಡಿದ ತಂಡ 'ಒಟ್ಟಾರೆ ಜಾಗ ಮರಿಕೋಶಕ್ಕೂ ದಾಟುತ್ತೆ' ಅಂತು. ಹೀಲಾ ನೋಡಿದ ತಂಡ 'ಇಲ್ಲ, ಕಲಸಿಹೋಗುತ್ತೆ' ಅಂತು. ವಿಡಿಯೋ ಇದ್ದರೆ ವಾದ ಮುಗಿಯುತ್ತೆ ಅಂತ ನಾವು ಅಂದುಕೊಂಡಿದ್ದು ತಪ್ಪು. ಥರ್ಡ್ ಅಂಪೈರ್ ತೀರ್ಪಿನ ಮೇಲೂ ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಜಗಳ ಆಗಲ್ವಾ.

ಮುಂದಿನ ಹಂತ ಕಂಪ್ಯೂಟರ್‌ನವರದ್ದು. 2010ರಲ್ಲಿ ಯುರೋಪಿನ ಒಂದು ದೊಡ್ಡ ತಂಡ ಮನುಷ್ಯನ ಸುಮಾರು 21,000 ಜೀನ್‌ಗಳನ್ನು ಒಂದೊಂದಾಗಿ ತಗ್ಗಿಸಿ, ಪ್ರತಿಯೊಂದಕ್ಕೂ ವರ್ಣತಂತು ಹೊಳೆಯುವ ಹೀಲಾ ಕೋಶಗಳನ್ನು ಎರಡೆರಡು ದಿನ ಚಿತ್ರೀಕರಿಸಿತು. ಯಾವ ಜೀನ್ ತಗ್ಗಿಸಿದರೆ ವಿಭಜನೆ ಕೆಡುತ್ತೆ ಅಂತ ಹುಡುಕೋದು ಉದ್ದೇಶ. ಅಷ್ಟು ವಿಡಿಯೋ ಕೂತು ನೋಡೋಕೆ ಮನುಷ್ಯರಿಂದ ಆಗಲ್ಲ. ನ್ಯೂಕ್ಲಿಯಸ್‌ನ ಆಕಾರ ನೋಡಿ 'ಇದು ಮೆಟಾಫೇಸ್, ಇದು ಅನಾಫೇಸ್, ಇದು ಕೆಟ್ಟಿದೆ' ಅಂತ ಗುರುತಿಸೋಕೆ ಕಂಪ್ಯೂಟರ್‌ಗೆ ಕಲಿಸಿದರು. ನಾವು ಮಷೀನ್ ಲರ್ನಿಂಗ್ ಎಲೆಕ್ಟಿವ್‌ನಲ್ಲಿ ಓದಲಿರುವ ಸಪೋರ್ಟ್ ವೆಕ್ಟರ್ ಮಷೀನೇ ಅದು. 2013ರಿಂದ ಕ್ರಿಸ್ಪರ್ ಕೂಡ ಬಂದಿದೆ. ಕತ್ತರಿಸುವ ಶಕ್ತಿ ತೆಗೆದ ಕ್ಯಾಸ್9ಗೆ ಜಿಎಫ್‌ಪಿ ಕಟ್ಟಿದರೆ, 256 ಪ್ರತಿ ಸೇರಿಸೋ ಕಷ್ಟ ಇಲ್ಲದೆ, ವರ್ಣತಂತುವಿನಲ್ಲಿ ಆಗಲೇ ಇರುವ ಸಾಲಿನ ಮೇಲೇ ಚುಕ್ಕಿ ಇಡಬಹುದು.

ನಮ್ಮಲ್ಲಿ ಎಷ್ಟೋ ಮನೆಗಳ ಕಾಂಪೌಂಡಿನಲ್ಲಿ ಸದಾಪುಷ್ಪ ಇರುತ್ತೆ, ವರ್ಷವಿಡೀ ಗುಲಾಬಿ, ಬಿಳಿ ಹೂ ಬಿಡುವ ಗಿಡ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟಿನ್ ಸಿಗೋದು ಅದರಿಂದಲೇ. ಅದು ಆ ಹಗ್ಗಗಳು ಕಟ್ಟದ ಹಾಗೆ ಮಾಡುತ್ತೆ. ಹಗ್ಗ ಇಲ್ಲದೆ ವರ್ಣತಂತುಗಳು ಅಂಟಲ್ಲ, 'ನಿಲ್ಲಿ' ಸಿಗ್ನಲ್ ನಿಲ್ಲಲ್ಲ, ಕೋಶ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಹಾಗೆ ಸಿಕ್ಕಿಬಿದ್ದ ಕೋಶ ಸಾಯುತ್ತೆ ಅಂತ ನಾವು ಸುಲಭವಾಗಿ ಅಂದುಕೊಂಡಿದ್ದೆವು. 2008ರಲ್ಲಿ ಗ್ಯಾಸ್ಕಾಯ್ನ್ ಮತ್ತು ಟೇಲರ್ ಹಗ್ಗಗಳನ್ನು ಕೆಡಿಸುವ ಇಂಥದೇ ಔಷಧಿಗಳನ್ನು ಹಾಕಿ, ಕ್ಯಾನ್ಸರ್ ಕೋಶಗಳನ್ನು ಒಂದೊಂದಾಗಿ ಗಂಟೆಗಟ್ಟಲೆ ಹಿಂಬಾಲಿಸಿ ನೋಡಿದರು. ಒಂದೇ ಡಿಶ್, ಒಂದೇ ಔಷಧಿ, ಒಂದೇ ವಂಶದ ಕೋಶಗಳು. ಕೆಲವು ಅಲ್ಲೇ ಸತ್ತವು. ಕೆಲವು ಕಾದು ಕಾದು, ವರ್ಣತಂತುಗಳನ್ನು ಹಂಚದೇ ಮೆಲ್ಲಗೆ ಹೊರಗೆ ಜಾರಿಕೊಂಡವು. ಹಾಗೆ ಜಾರಿಕೊಂಡವುಗಳಲ್ಲಿ ಕೆಲವು ಆಮೇಲೂ ಬದುಕಿದವು.